ಒಂದೇ ಸ್ಟೆಂಟ್, ಎರಡು ಬಿಲ್: ಪಕ್ಕದ ಮನೆಯವರಿಗೆ ಫ್ರೀ, ನಮಗೆ 2.4 ಲಕ್ಷ ಯಾಕೆ?

ಪ್ರಶ್ನೆ: "ಮೇಡಂ, ನಮ್ಮದು ಉಡುಪಿ ಜಿಲ್ಲೆಯ ಕಾಪು ಹತ್ತಿರ. ಅಪ್ಪನಿಗೆ 66 ವರ್ಷ. ಬೇಗ ಬೇಗ ನಡೆದರೆ ಎದೆ ಹಿಡಿದ ಹಾಗೆ ಆಗುತ್ತಿತ್ತು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಹೃದಯದ ರಕ್ತನಾಳದಲ್ಲಿ ಒಂದು ಬ್ಲಾಕ್ ಇದೆ, ನಾಳ ತೆರೆದಿಡುವ ಸ್ಟೆಂಟ್ ಹಾಕಬೇಕು, ಸುಮಾರು 2.4 ಲಕ್ಷ ಆಗುತ್ತದೆ ಅಂದರು. ನಮ್ಮದು ಎಪಿಎಲ್ ಕಾರ್ಡ್. ಪಕ್ಕದ ಮನೆಯ ಅಂಕಲ್‌ಗೆ ಕಳೆದ ವರ್ಷ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ್ ಸ್ಟೆಂಟ್ ಹಾಕಿದ್ದು. ಅವರದ್ದು ಬಿಪಿಎಲ್, ಒಂದು ರೂಪಾಯಿ ಕೊಟ್ಟಿಲ್ಲ. ಸ್ಕೀಮಿನಲ್ಲಿ ಹಾಕುವ ಸ್ಟೆಂಟ್ ಕಡಿಮೆ ಗುಣಮಟ್ಟದ್ದು ಅಂತಲೂ ಕೆಲವರು ಹೇಳುತ್ತಾರೆ. ಒಬ್ಬರು ದುಡ್ಡು ಕೊಟ್ಟರೆ ಬಿಪಿಎಲ್ ಕಾರ್ಡ್ ಮಾಡಿಸಿಕೊಡ್ತೇನೆ ಅನ್ನುತ್ತಿದ್ದಾರೆ. ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ-ಅಮ್ಮನಿಗೆ 5 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದೇನೆ, ಈಗ ನಾಲ್ಕನೇ ವರ್ಷ. ಆದರೆ ಅಪ್ಪನಿಗೆ ಬಿಪಿ ಇದ್ದದ್ದನ್ನು ಏಜೆಂಟ್ 'ಬರೆಯೋದು ಬೇಡ' ಅಂದಿದ್ದ. ಕ್ಲೇಮ್ ಸಿಗುತ್ತದಾ? ಯಾವ ದಾರಿ ಹಿಡಿಯಬೇಕು?"

ಉತ್ತರ:

ಮೊದಲು ಅಪ್ಪನ ವಿಷಯ, ಆಮೇಲೆ ದುಡ್ಡಿನದ್ದು. ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಮತ್ತು ಇನ್ಶೂರೆನ್ಸ್ ಡೆಸ್ಕ್‌ಗಳಲ್ಲಿ ವರ್ಷಗಟ್ಟಲೆ ಕೂತು, ಈಗ ರೋಗಿಗಳ ಕಡೆಯಿಂದ ಅದೇ ಕಾಗದಪತ್ರ ನೋಡುವವಳು. ಹಾಗಾಗಿ ಒಂದು ಪ್ರಶ್ನೆಯನ್ನು ನೀವೇ ಕಾರ್ಡಿಯಾಲಜಿಸ್ಟ್ ಹತ್ತಿರ ಕೇಳಬೇಕು: "ಇದು ಇವತ್ತೇ ಆಗಬೇಕಾದದ್ದಾ, ಮಾತ್ರೆ ಕೊಟ್ಟು ಎರಡು ವಾರ ಕಾಯಬಹುದಾ?" ನೀವು ಬರೆದ ಹಾಗೆ ನಡೆಯುವಾಗ ಮಾತ್ರ ನೋವು ಬರುವುದಾದರೆ ಸಮಯ ಇರಬಹುದು, ಆದರೆ ಅದನ್ನು ಹೇಳಬೇಕಾದವರು ಅವರು. ಸುಮ್ಮನೆ ಕೂತಾಗಲೂ ನೋವು, ಬೆವರು, ಉಸಿರು ಕಟ್ಟುವುದು ಶುರುವಾದರೆ ಕೆಳಗೆ ಬರೆದದ್ದೆಲ್ಲ ಮರೆತು 108ಕ್ಕೆ ಫೋನ್ ಮಾಡಿ. ತುರ್ತು ಸ್ಥಿತಿಯಲ್ಲಿ ಕಾರ್ಡು, ಅಡ್ವಾನ್ಸು ಅಂತ ನಿಲ್ಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಿನಲ್ಲಿ ಅದನ್ನು ಹೇಳಿದೆ, ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಲ್ಲೂ (ಕೆಪಿಎಂಇ) ಇದೆ.

ಈ "ತುರ್ತಾ, ಅಲ್ವಾ" ಅನ್ನುವುದನ್ನು ನಾನು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಉಂಟು. ನಿಮ್ಮ ಬಿಲ್ ಎಷ್ಟು ಅನ್ನುವುದು ಡಿಸ್ಚಾರ್ಜ್ ದಿನ ತೀರ್ಮಾನ ಆಗುವುದಲ್ಲ. ಅಡ್ಮಿಷನ್ ಕೌಂಟರಿನಲ್ಲಿ ಫಾರ್ಮ್ ತುಂಬುವಾಗ ಒಂದು ಕಡೆ ಸೆಲ್ಫ್, ಇನ್ಶೂರೆನ್ಸ್, ಸ್ಕೀಮ್ ಅಂತ ಇರುತ್ತದೆ. ಗಡಿಬಿಡಿಯಲ್ಲಿ ಯಾರೋ ಒಬ್ಬರು ಸೆಲ್ಫ್‌ಗೆ ಟಿಕ್ ಹಾಕಿ ಸಹಿ ಮಾಡುತ್ತಾರೆ. ಅಲ್ಲಿಗೆ ಮುಕ್ಕಾಲು ಪಾಲು ಮುಗಿಯಿತು. ಸ್ಟೆಂಟ್ ಹಾಕಿದ ಮೇಲೆ ರೇಷನ್ ಕಾರ್ಡ್ ಹಿಡಿದು ಓಡಿ ಬಂದವರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಬೇಕಾಗಿ ಬಂದಿದೆ. ಸರ್ಕಾರಿ ಸ್ಕೀಮಿನಲ್ಲಿ ಮೊದಲೇ ಒಪ್ಪಿಗೆ ಪಡೆಯಬೇಕು, ಆಮೇಲೆ ಬಿಲ್ ಕೊಟ್ಟು ದುಡ್ಡು ವಾಪಸ್ ಕೇಳುವ ವ್ಯವಸ್ಥೆ ಅಲ್ಲ ಅದು.

ಈಗ ಪಕ್ಕದ ಮನೆಯವರ ಲೆಕ್ಕ. ಅದೇ ಆಸ್ಪತ್ರೆ, ಅದೇ ಡಾಕ್ಟರ್, ಮತ್ತೆ ಯಾಕೆ ವ್ಯತ್ಯಾಸ? ಒಂದೇ ಬಸ್ಸಿನಲ್ಲಿ ಪಾಸ್ ಇದ್ದವರೂ ಟಿಕೆಟ್ ತಗೊಂಡವರೂ ಪಕ್ಕಪಕ್ಕ ಕೂತ ಹಾಗೆ ಇದು. ಅವರು ಬಂದದ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ. ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ 2018ರಲ್ಲಿ ಸೇರಿ ಒಂದಾದವು, ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಪ್ರತಿ ಚಿಕಿತ್ಸೆಗೂ ಸರ್ಕಾರ ಒಂದು ಪ್ಯಾಕೇಜ್ ದರ ಇಟ್ಟಿದೆ, ಆಸ್ಪತ್ರೆ ಅದಕ್ಕೆ ಒಪ್ಪಿಕೊಂಡಿದೆ, ಅದರ ಮೇಲೆ ರೋಗಿಯಿಂದ ತೆಗೆದುಕೊಳ್ಳುವ ಹಾಗಿಲ್ಲ.

ಎಪಿಎಲ್‌ನವರಿಗೂ ಈ ಯೋಜನೆ ಇದೆ. ಇದು ತುಂಬ ಜನರಿಗೆ ಗೊತ್ತೇ ಇಲ್ಲ, ಗೊತ್ತಿದ್ದವರೂ ತಪ್ಪು ತಿಳಿದಿರುತ್ತಾರೆ. ಎಪಿಎಲ್‌ಗೆ ಸರ್ಕಾರ ಕೊಡುವುದು ಶೇ. 30, ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1.5 ಲಕ್ಷ. ಆದರೆ ಶೇ. 30 ಅಂದರೆ ನಿಮ್ಮ ಬಿಲ್ಲಿನ ಶೇ. 30 ಅಲ್ಲ, ಪ್ಯಾಕೇಜ್ ದರದ ಶೇ. 30. ಲೆಕ್ಕಕ್ಕೆ ಸುಲಭ ಆಗಲಿ ಅಂತ ಪ್ಯಾಕೇಜ್ ದರ 1 ಲಕ್ಷ ಅಂತ ಇಟ್ಟುಕೊಳ್ಳಿ, ನಿಮ್ಮ ಬಿಲ್ 2.4 ಲಕ್ಷ. ಸಿಗುವುದು 30 ಸಾವಿರ. 72 ಸಾವಿರ ಅಲ್ಲ. "ಮೇಡಂ, 30 ಪರ್ಸೆಂಟ್ ಬಿಡ್ತಾರೆ ಅಂದಿದ್ರಿ" ಅಂತ ಡಿಸ್ಚಾರ್ಜ್ ದಿನ ಜಗಳ ಶುರುವಾಗುವುದು ಇಲ್ಲೇ.

ಮತ್ತೆ ರೆಫರಲ್. ಪಕ್ಕದ ಮನೆಯವರನ್ನು ಹಾರ್ಟ್ ಅಟ್ಯಾಕ್ ಆಗಿ ತುರ್ತಾಗಿ ಕರೆದುಕೊಂಡು ಹೋಗಿದ್ದರೆ ಅವರಿಗೆ ರೆಫರಲ್ ಬೇಕಿರಲಿಲ್ಲ. ತುರ್ತು ಚಿಕಿತ್ಸೆಗಳ ಪಟ್ಟಿಯೇ ಬೇರೆ. ನಿಮ್ಮ ಅಪ್ಪನದ್ದು ದಿನ ಗೊತ್ತು ಮಾಡಿ ಮಾಡುವ ಚಿಕಿತ್ಸೆ, ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ "ಇದು ನಮ್ಮಲ್ಲಿ ಆಗುವುದಿಲ್ಲ" ಅನ್ನುವ ಚೀಟಿ ಬೇಕು. ನಿಮಗಾದರೆ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಆಂಜಿಯೋಗ್ರಾಂ ರಿಪೋರ್ಟ್, ಸಿಡಿ, ಆಧಾರ್, ರೇಷನ್ ಕಾರ್ಡ್ ಹಿಡಿದುಕೊಂಡು ಬೆಳಿಗ್ಗೆಯೇ ಹೋಗಿ. ಸಿಡಿ ಕೊಡಲಿಕ್ಕೆ ಖಾಸಗಿ ಆಸ್ಪತ್ರೆ ಮೀನಮೇಷ ಎಣಿಸಿದರೆ ಬರಹದಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ 2002ರ ನಿಯಮಾವಳಿಯಲ್ಲೇ ಇದೆ. ಬೇರೆ ಡಾಕ್ಟರ್ ಹತ್ತಿರ ಎರಡನೇ ಅಭಿಪ್ರಾಯ ಕೇಳಲಿಕ್ಕೂ ಅದೇ ಸಿಡಿ ಬೇಕು.

"60 ದಾಟಿದರೆ ಎಲ್ಲ ಫ್ರೀ" ಅಂತ ಯಾರಾದರೂ ಹೇಳಿದ್ದರೆ, ಅಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಶುರು ಮಾಡಿದ ವಯ ವಂದನಾ ಕಾರ್ಡ್ 70 ದಾಟಿದವರಿಗೆ. ಅಪ್ಪನಿಗೆ 66, ಆ ಮಾತು ಬಿಡಿ.

ದುಡ್ಡು ಕೊಟ್ಟು ಬಿಪಿಎಲ್ ಕಾರ್ಡ್ ಮಾಡಿಸುವ ಮಾತನ್ನೂ ಬಿಡಿ. ರಾಜ್ಯದ ಮಾನದಂಡದಲ್ಲಿ ವರ್ಷದ ಆದಾಯ 1.2 ಲಕ್ಷ ದಾಟಬಾರದು, ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರು ಇರಬಾರದು, ಸ್ವಂತಕ್ಕೆ ಕಾರು ಇರಬಾರದು. ಆಧಾರ್, ಆರ್‌ಟಿಒ, ತೆರಿಗೆ ಇಲಾಖೆಯ ಮಾಹಿತಿ ತಾಳೆ ಹಾಕಿ ಕಾರ್ಡ್ ರದ್ದು ಮಾಡುವುದನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಚಿಕಿತ್ಸೆಯ ಮಧ್ಯದಲ್ಲಿ ಕಾರ್ಡ್ ಹೋದರೆ ಆ ಬ್ರೋಕರ್ ಫೋನ್ ಎತ್ತುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು: ಅಕ್ಕಿ ಯಾರಿಗೆ ಕೊಡಬೇಕು ಅಂತ ಹಾಕಿದ ಗೆರೆಯನ್ನೇ ಆಪರೇಷನ್ ಯಾರಿಗೆ ಫ್ರೀ ಅನ್ನುವುದಕ್ಕೂ ಇಟ್ಟುಕೊಂಡದ್ದು ನನಗೆ ಯಾವತ್ತೂ ಸರಿ ಕಂಡಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ಸಂಸಾರ ಮಾಡುವವರಿಗೆ ಅಕ್ಕಿ ಕೊಳ್ಳಲು ತೊಂದರೆ ಆಗದಿರಬಹುದು, 2.4 ಲಕ್ಷ ಎಲ್ಲಿಂದ ತರಬೇಕು? ಜನ ಅಕ್ಕಿಗಿಂತ ಜಾಸ್ತಿ ಆಸ್ಪತ್ರೆಗೋಸ್ಕರ ಬಿಪಿಎಲ್ ಕಾರ್ಡ್ ಹಿಂದೆ ಬೀಳುತ್ತಿರುವುದು ಸುಮ್ನೆ ಅಲ್ಲ.

ಇನ್ನು ಸ್ಟೆಂಟಿನ ಗುಣಮಟ್ಟ. ಇದೊಂದು ಗಟ್ಟಿಯಾಗಿ ಬೇರೂರಿದ ಸುಳ್ಳು. 2017ರ ಫೆಬ್ರುವರಿಯಲ್ಲಿ ಔಷಧ ದರ ನಿಗದಿ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಸ್ಟೆಂಟ್ ದರಕ್ಕೆ ಮಿತಿ ಹಾಕಿತು. ಮದ್ದು ಲೇಪಿಸಿದ ಸ್ಟೆಂಟಿಗೆ ಆಗ 29,600 ರೂಪಾಯಿ. ಅದಕ್ಕಿಂತ ಮೊದಲು ಅದಕ್ಕೇ ಒಂದು ಲಕ್ಷ, ಅದಕ್ಕೂ ಜಾಸ್ತಿ ಹಾಕಿದ ಬಿಲ್‌ಗಳಿದ್ದವು. ಮಿತಿ ವರ್ಷ ವರ್ಷ ಸ್ವಲ್ಪ ಏರಿ ಈಗ ತೆರಿಗೆ ಬಿಟ್ಟು 39 ಸಾವಿರದ ಹತ್ತಿರ ಇದೆ. ವಿದೇಶಿ ಕಂಪನಿಯದ್ದಾಗಲಿ, ನಮ್ಮ ದೇಶದ್ದಾಗಲಿ, ಮಿತಿ ಒಂದೇ. ಸ್ಕೀಮಿನಲ್ಲೂ ಮದ್ದು ಲೇಪಿಸಿದ, ಅನುಮತಿ ಪಡೆದ ಸ್ಟೆಂಟನ್ನೇ ಹಾಕುವುದು. ವ್ಯತ್ಯಾಸ ಇರುವುದು ವಾರ್ಡಿನಲ್ಲಿ, ಕಾಯುವ ದಿನಗಳಲ್ಲಿ, ಇಂಥ ಕಂಪನಿಯದ್ದೇ ಬೇಕು ಅಂತ ಆರಿಸಲು ಆಗದಿರುವುದರಲ್ಲಿ. ಬಿಲ್ಲಿನಲ್ಲಿ ಸ್ಟೆಂಟನ್ನು ಪ್ರತ್ಯೇಕವಾಗಿ, ಬ್ರ್ಯಾಂಡ್, ಕಂಪನಿ, ಬ್ಯಾಚ್ ನಂಬರ್ ಸಮೇತ ತೋರಿಸಬೇಕು ಅಂತ ಅದೇ 2017ರ ಆದೇಶದಲ್ಲಿದೆ. ಪೆಟ್ಟಿಗೆಯ ಮೇಲಿನ ಸ್ಟಿಕರನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ, ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಹಾಗಾದರೆ 39 ಸಾವಿರದ ಸ್ಟೆಂಟಿಗೆ 2.4 ಲಕ್ಷ ಹೇಗೆ? ನಿಮ್ಮ ಪ್ರಶ್ನೆಯ ತಿರುಳು ಇದೇ ಅಂತ ನನಗೆ ಅನ್ನಿಸುತ್ತದೆ. ಒಂದೇ ಬಿಲ್ಲಿಗೆ ನಾಲ್ಕು ಜನ ಯಜಮಾನರು ಇದ್ದಾರೆ. ಸ್ಟೆಂಟ್ ಮತ್ತು ಮದ್ದಿನ ದರ ನೋಡುವ ಎನ್‌ಪಿಪಿಎ ದೆಹಲಿಯಲ್ಲಿದೆ, ಅದೂ ಆರೋಗ್ಯ ಇಲಾಖೆಯಲ್ಲಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೆಳಗೆ. ಇನ್ಶೂರೆನ್ಸ್ ನೋಡುವ ಐಆರ್‌ಡಿಎಐ ಹೈದರಾಬಾದಿನಲ್ಲಿ. ಸ್ಕೀಮ್ ನೋಡುವ ಟ್ರಸ್ಟ್ ಬೆಂಗಳೂರಿನಲ್ಲಿ. ಖಾಸಗಿ ಆಸ್ಪತ್ರೆಯ ಲೈಸೆನ್ಸ್ ಮತ್ತು ದೂರು ನೋಡುವುದು ರಾಜ್ಯದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ. ಸ್ಟೆಂಟಿಗೆ ಮಿತಿ ಇದೆ. ಬಲೂನು, ಕ್ಯಾಥೆಟರ್, ಕ್ಯಾತ್ ಲ್ಯಾಬ್ (ಸ್ಟೆಂಟ್ ಹಾಕುವ ಕೋಣೆ) ಚಾರ್ಜ್, ಡಾಕ್ಟರ್ ಫೀಸು, ರೂಮ್ ಬಾಡಿಗೆ, ಇವಕ್ಕೆ ಸ್ಟೆಂಟಿನ ಹಾಗೆ ನಿಗದಿಪಡಿಸಿದ ಮಿತಿ ಇಲ್ಲ. ಒಂದು ಸಾಲಿನಲ್ಲಿ ಒತ್ತಿದರೆ ಇನ್ನೊಂದು ಸಾಲು ಉಬ್ಬುತ್ತದೆ. ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಪರಿಶೀಲಿಸಿದ ಎನ್‌ಪಿಪಿಎ, ಕೆಲವು ಸಾಮಗ್ರಿಗಳ ಮೇಲೆ ಶೇ. 1,700ಕ್ಕೂ ಜಾಸ್ತಿ ಲಾಭ ಇಟ್ಟದ್ದನ್ನು 2018ರಲ್ಲಿ ತೋರಿಸಿತು. ಆಸ್ಪತ್ರೆಗೂ ಅದರ ಖರ್ಚು ಇದೆ, ಇಲ್ಲ ಅನ್ನುವುದಿಲ್ಲ. ಸ್ಕೀಮಿನ ದುಡ್ಡು ತಿಂಗಳುಗಟ್ಟಲೆ ತಡವಾಗಿ ಬರುವುದನ್ನು ಡೆಸ್ಕಿನಲ್ಲಿ ಕೂತು ಕಂಡಿದ್ದೇನೆ. "ಸ್ಕೀಮ್ ಬೆಡ್ ಖಾಲಿ ಇಲ್ಲ" ಅನ್ನುವ ಉತ್ತರದ ಹಿಂದೆ ಎಷ್ಟೋ ಸಲ ಅದೂ ಇರುತ್ತದೆ.

ದರಕ್ಕೆ ಸರ್ಕಾರವೇ ಮಿತಿ ಹಾಕಬಹುದಿತ್ತಲ್ವಾ? ನಮ್ಮ ರಾಜ್ಯ ಅದಕ್ಕೆ ಕೈ ಹಾಕಿತ್ತು. 2017ರಲ್ಲಿ ಕೆಪಿಎಂಇ ತಿದ್ದುಪಡಿ ತಂದಾಗ ನವೆಂಬರಿನಲ್ಲಿ ಖಾಸಗಿ ಡಾಕ್ಟರ್‌ಗಳ ಮುಷ್ಕರ ಆಯಿತು, ಹೊರರೋಗಿ ವಿಭಾಗಗಳು ದಿನಗಟ್ಟಲೆ ಮುಚ್ಚಿದ್ದವು, ನೆನಪಿರಬಹುದು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ದರ ನಿಗದಿ ಉಳಿದದ್ದು ಸರ್ಕಾರಿ ಸ್ಕೀಮಿನ ಚಿಕಿತ್ಸೆಗಳಿಗೆ ಮಾತ್ರ. ಕೈಯಿಂದ ದುಡ್ಡು ಕೊಡುವವರಿಗೆ ಉಳಿದದ್ದು ಏನು ಅಂದರೆ, ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಬೇಕು, ತುರ್ತಿನಲ್ಲಿ ಅಡ್ವಾನ್ಸಿಗೆ ಒತ್ತಾಯಿಸಬಾರದು, ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು, ದೂರು ಕೊಡಲು ಜಿಲ್ಲೆಯಲ್ಲೇ ಜಾಗ. ಕಡಿಮೆ ಏನಲ್ಲ. ಆದರೆ 2.4 ಲಕ್ಷವನ್ನು 1.5 ಮಾಡಿಸುವ ಶಕ್ತಿ ಅದಕ್ಕಿಲ್ಲ.

ಈಗ ನಿಮ್ಮ ಇನ್ಶೂರೆನ್ಸ್. ಇದು ಸೂಕ್ಷ್ಮ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ ಅಂತ 2024ರ ನಿಯಮ, ಮೊದಲು 4 ಇತ್ತು. ನಿಮಗೆ 3 ಮುಗಿದಿದೆ, ಒಳ್ಳೆಯದು. ಆದರೆ ಅದು ಹೇಳಿಕೊಂಡ ಕಾಯಿಲೆಗೆ. ಹೇಳದೆ ಮುಚ್ಚಿಟ್ಟರೆ ವಿಷಯವೇ ಬೇರೆ. ಸತತ 5 ವರ್ಷ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, "ನೀವು ಹೇಳಿರಲಿಲ್ಲ" ಅಂತ ಕ್ಲೇಮ್ ತಳ್ಳುವ ಹಾಗಿಲ್ಲ. ನೀವಿರುವುದು ನಾಲ್ಕನೇ ವರ್ಷದಲ್ಲಿ. ಅಂದರೆ ಕಂಪನಿಗೆ ಇನ್ನೂ ಆ ದಾರಿ ಇದೆ. ಬಿಪಿಗೂ ಹೃದಯಕ್ಕೂ ಸಂಬಂಧ ಇಲ್ಲ ಅಂತ ವಾದಿಸಲಿಕ್ಕೂ ಆಗುವುದಿಲ್ಲ. ಕ್ಲೇಮ್ ತಿರಸ್ಕಾರ ಆಗುವ ಅಪಾಯ ನಿಜವಾಗಿ ಇದೆ, ಸಮಾಧಾನಕ್ಕೆ ಇಲ್ಲ ಅಂತ ಬರೆಯಲಾರೆ.

ಹಾಗಂತ ಕೈ ಚೆಲ್ಲಬೇಡಿ. ಇವತ್ತೇ ಕಂಪನಿಗೆ ಮೇಲ್ ಹಾಕಿ ಪ್ರೊಪೋಸಲ್ ಫಾರ್ಮಿನ, ಅಂದರೆ ಪಾಲಿಸಿ ಮಾಡಿಸುವಾಗ ತುಂಬಿದ ಅರ್ಜಿಯ, ಪ್ರತಿ ತರಿಸಿ. ಏಜೆಂಟ್ ಬಿಪಿ ಬಗ್ಗೆ ಕೇಳುವ ಕಡೆ "ಇಲ್ಲ" ಅಂತ ಬರೆದಿದ್ದಾನಾ, ಖಾಲಿ ಬಿಟ್ಟಿದ್ದಾನಾ, ಕೆಳಗಿನ ಸಹಿ ಯಾರದ್ದು, ನೋಡಿ. ಇವುಗಳಿಂದ ತುಂಬ ವ್ಯತ್ಯಾಸ ಆಗುತ್ತದೆ. ಏಜೆಂಟ್ ಹತ್ತಿರ ಆಗ ವಾಟ್ಸಾಪಿನಲ್ಲಿ ಮಾತಾಡಿದ್ದರೆ ಆ ಚಾಟ್ ಅಳಿಸಬೇಡಿ. ಅಪ್ಪನಿಗೆ ಬಿಪಿ ಮಾತ್ರೆ ಮೊದಲು ಬರೆದ ಚೀಟಿ ಎಲ್ಲಿದೆ ಅಂತ ಅಮ್ಮನಿಗೆ ಹುಡುಕಲು ಹೇಳಿ, ತಾರೀಕು ಮುಖ್ಯ.

ಈ ತಾರೀಕಿನ ಮಹಿಮೆ ಎಂಥದ್ದು ಅಂದರೆ, ಅಡ್ಮಿಷನ್ ರಾತ್ರಿ ಡ್ಯೂಟಿ ಡಾಕ್ಟರ್ "ಬಿಪಿ ಎಷ್ಟು ವರ್ಷದಿಂದ?" ಅಂತ ಕೇಳುತ್ತಾರೆ. ಜೊತೆಗೆ ಬಂದ ಮಾವನೋ ಚಿಕ್ಕಪ್ಪನೋ "ಅದು ತುಂಬ ವರ್ಷದಿಂದ ಉಂಟು ಮಾರಾಯ್ರೆ" ಅನ್ನುತ್ತಾರೆ. ಕೇಸ್ ಶೀಟಿನಲ್ಲಿ "10 ವರ್ಷದಿಂದ ಬಿಪಿ" ಅಂತ ಬೀಳುತ್ತದೆ. ನಿಜವಾಗಿ ಐದೇ ವರ್ಷ ಆಗಿದ್ದರೂ ಇನ್ಶೂರೆನ್ಸ್ ಕಂಪನಿ ಹಿಡಿದುಕೊಳ್ಳುವುದು ಆ ಹತ್ತನ್ನೇ, ಆಮೇಲೆ ತಿದ್ದಿಸಲು ಹೋದರೆ ಅದೇ ಅನುಮಾನಕ್ಕೆ ಕಾರಣ ಆಗುತ್ತದೆ. ಹಾಗಂತ ಡಾಕ್ಟರ್ ಹತ್ತಿರ ಬಿಪಿಯನ್ನು ಮುಚ್ಚಿಡಬೇಡಿ, ಅಪ್ಪನ ಜೀವದ ಪ್ರಶ್ನೆ ಅದು. ಅಂದಾಜು ಹೇಳುವ ಬದಲು ಚೀಟಿ ನೋಡಿ ಸರಿಯಾದ ವರ್ಷ ಹೇಳಿ, ಅಷ್ಟೇ. ಚಿಕಿತ್ಸೆಗೆ ಮೊದಲು ಕಂಪನಿಯ ಒಪ್ಪಿಗೆ ಕೇಳುವ ಪ್ರೀ-ಆಥರೈಸೇಶನ್ ಫಾರ್ಮಿನಲ್ಲೂ ನಿಜವನ್ನೇ ಬರೆಸಿ. ಎರಡನೇ ಸಲ ಮುಚ್ಚಿಟ್ಟರೆ ಆಮೇಲೆ ವಾದಿಸಲು ಏನೂ ಉಳಿಯುವುದಿಲ್ಲ.

ಕ್ಯಾಶ್‌ಲೆಸ್ (ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ಕಂಪನಿ 1 ಗಂಟೆಯಲ್ಲಿ, ಡಿಸ್ಚಾರ್ಜಿಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು ಅಂತ ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಇದೆ. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮ್ ಸತ್ತಿತು ಅಂತ ಅಲ್ಲ, ದುಡ್ಡು ಕಟ್ಟಿ ಆಮೇಲೆ ಮರುಪಾವತಿ ಕೇಳಬಹುದು. ಅದನ್ನೂ ತಳ್ಳಿದರೆ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಆಗಿದೆಯಾ ಅಂತ ಕೇಳಿ. ಅದಿಲ್ಲದೆ ತಿರಸ್ಕರಿಸುವ ಹಾಗಿಲ್ಲ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಅದು ನಿಮಗೆ ಒಪ್ಪಿಗೆ ಆಗದಿದ್ದರೆ, ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಫೀಸ್ ಇಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು.

ರೂಮಿನ ವಿಷಯ. 5 ಲಕ್ಷದ ಪಾಲಿಸಿಗಳಲ್ಲಿ ಕೆಲವಕ್ಕೆ ದಿನದ ರೂಮ್ ಬಾಡಿಗೆ ಶೇ. 1ರ ಮಿತಿ ಇರುತ್ತದೆ, ಅಂದರೆ 5,000. ನಿಮ್ಮದರಲ್ಲಿ ಇದೆಯಾ ನೋಡಿ. ಇದ್ದು, ನೀವು 7,500ರ ರೂಮ್ ತಗೊಂಡರೆ ಹೋಗುವುದು ದಿನಕ್ಕೆ 2,500 ಮಾತ್ರ ಅಲ್ಲ. ಡಾಕ್ಟರ್ ಫೀಸು, ಪ್ರೊಸೀಜರ್ ಚಾರ್ಜು ಇಂಥವನ್ನೂ ಅದೇ ಪ್ರಮಾಣದಲ್ಲಿ, ಮೂರನೇ ಒಂದು ಪಾಲು, ಕಡಿತ ಮಾಡುತ್ತಾರೆ. ಇಂಥ ಚಾರ್ಜ್‌ಗಳು 1.2 ಲಕ್ಷ ಇದ್ದರೆ 40 ಸಾವಿರ ನಿಮ್ಮ ಕೈಯಿಂದ. ಮದ್ದು, ಸ್ಟೆಂಟ್, ಟೆಸ್ಟ್, ಐಸಿಯು ಮೇಲೆ ಈ ಕಡಿತ ಹಾಕುವ ಹಾಗಿಲ್ಲ, ಹಾಕಿದ್ದರೆ ಪ್ರಶ್ನಿಸಿ. ದಿನಕ್ಕೆ 5,000 ದಾಟಿದ ರೂಮಿಗೆ 2022ರಿಂದ ಶೇ. 5 ಜಿಎಸ್‌ಟಿ ಬೇರೆ. "ಇನ್ಶೂರೆನ್ಸ್ ಇದೆಯಲ್ಲ, ಡೀಲಕ್ಸ್ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಮೂರನೇ ದಾರಿ, ನಮ್ಮ ಕಡೆಯವರಿಗೆ ಮಾತ್ರ ಇಷ್ಟು ಹತ್ತಿರ ಇರುವಂಥದ್ದು: ಮೆಡಿಕಲ್ ಕಾಲೇಜಿನ ಜನರಲ್ ವಾರ್ಡು. ದೇರಳಕಟ್ಟೆಯಿಂದ ಮಣಿಪಾಲದವರೆಗೆ ಇಷ್ಟು ಮೆಡಿಕಲ್ ಕಾಲೇಜು ಬೇರೆ ಎಲ್ಲಿ ಸಿಗುತ್ತದೆ ಹೇಳಿ. ಕಾಲೇಜು ನಡೆಸಲು ಬೆಡ್‌ಗಳಲ್ಲಿ ರೋಗಿಗಳು ಇರಲೇಬೇಕು ಅಂತ ಮೆಡಿಕಲ್ ಕಮಿಷನ್ ನಿಯಮ. ಊರೂರಿಗೆ ಕ್ಯಾಂಪಿನ ಬಸ್ಸು ಬರುವುದು, ಜನರಲ್ ವಾರ್ಡಿನ ದರ ಕಡಿಮೆ ಇರುವುದು ಬರೀ ಧರ್ಮಕ್ಕಲ್ಲ. ಅದೇ ಸ್ಟೆಂಟ್, ಜನರಲ್ ವಾರ್ಡಿನ ಲೆಕ್ಕದಲ್ಲಿ ಎಷ್ಟು ಅಂತ ಎರಡು ಕಡೆ ಬರಹದಲ್ಲಿ ಎಸ್ಟಿಮೇಟ್ ಕೇಳಿ. ಆಸ್ಪತ್ರೆಗಳು ಮಾರುವ ಹೆಲ್ತ್ ಕಾರ್ಡ್ ಇದ್ದರೆ ತೋರಿಸಿ, ಆದರೆ ಅದು ರಿಯಾಯಿತಿ ಮಾತ್ರ, ಇನ್ಶೂರೆನ್ಸ್ ಅಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಡಾಕ್ಟರ್ ಎರಡು ವಾರ ಕೊಟ್ಟರೆ ಮೊದಲು ಅಜ್ಜರಕಾಡಿನ ರೆಫರಲ್ ಮತ್ತು ಮೆಡಿಕಲ್ ಕಾಲೇಜಿನ ಎಸ್ಟಿಮೇಟ್, ಅದೇ ಹೊತ್ತಿಗೆ ಪ್ರೊಪೋಸಲ್ ಫಾರ್ಮ್ ತರಿಸುವುದು. ಕ್ಲೇಮ್ ಹಾಕುವುದೇ, ಆದರೆ ಅದು ಬರುತ್ತದೆ ಅಂತ ನಂಬಿ ದೊಡ್ಡ ರೂಮಿಗೆ ಹೋಗುವುದಿಲ್ಲ. ಕ್ಲೇಮ್ ಬಾರದಿದ್ದರೂ ಕಟ್ಟಲು ಸಾಧ್ಯವಾಗುವಷ್ಟು ಬಿಲ್ ಎಲ್ಲಿ ಆಗುತ್ತದೋ ಅಲ್ಲಿಗೆ ಹೋಗುತ್ತೇನೆ. ಎಪಿಎಲ್‌ನ ಸ್ಕೀಮಿನಲ್ಲಿ ಸಿಕ್ಕಿದ ಭಾಗವನ್ನು ಇನ್ಶೂರೆನ್ಸಿನಲ್ಲಿ ಮತ್ತೆ ಕೇಳಬೇಡಿ, ಒಂದೇ ಖರ್ಚಿಗೆ ಎರಡು ಕಡೆ ಹಣ ಇಲ್ಲ.

ಬಿಲ್ಲಿನ ಬಗ್ಗೆ ದೂರು ಇದ್ದರೆ, ಆಸ್ಪತ್ರೆ ಮಂಗಳೂರಿನಲ್ಲಿದ್ದರೆ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗೆ ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬೇಕು. ನೀವು ಉಡುಪಿಯವರು ಅಂತ ಮಣಿಪಾಲದ ರಜತಾದ್ರಿಗೆ, ಅಂದರೆ ಉಡುಪಿ ಜಿಲ್ಲಾಧಿಕಾರಿ ಕಚೇರಿಗೆ, ಹೋದರೆ ಒಂದು ದಿನ ಹಾಳು, ಅಷ್ಟೇ.

ಸ್ಟೆಂಟ್ ಹಾಕಿದ ಮೇಲೆ ಮಾತ್ರೆಗಳು ತುಂಬ ಕಾಲ ಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ಬಿಡಿ ಬಿಡಿಯಾಗಿ ಕೊಂಡರೆ ದರಕ್ಕೆ ಮಿತಿ ಇದೆ. ಎರಡು ಮೂರನ್ನು ಸೇರಿಸಿ ಮಾಡಿದ ಕಾಂಬಿನೇಷನ್ ಮಾತ್ರೆಗಳಲ್ಲಿ ಕೆಲವು ಈ ಮಿತಿಯಿಂದ ತಪ್ಪಿಸಿಕೊಳ್ಳುತ್ತವೆ. ಜನೌಷಧಿ ಅಂಗಡಿಯದ್ದು ಆಗುತ್ತದಾ ಅಂತ ಡಾಕ್ಟರ್ ಹತ್ತಿರವೇ ಕೇಳಿ, ಆದರೆ ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಡಿಸ್ಚಾರ್ಜ್ ಆದ ಮೇಲೆ ಆಸ್ಪತ್ರೆಯ ಮೆಡಿಕಲ್‌ನಲ್ಲೇ ಮೂರು ತಿಂಗಳ ಮದ್ದು ತಗೊಳ್ಳಬೇಕು ಅಂತ ಏನೂ ಇಲ್ಲ.

ಪ್ರೊಪೋಸಲ್ ಫಾರ್ಮಿನ ಪ್ರತಿ ಕೈಗೆ ಬಂದ ಮೇಲೆ ಬಿಪಿಯ ಪ್ರಶ್ನೆಯ ಎದುರು ಏನಿದೆ ಅಂತ ಬರೆದು ಕಳಿಸಿ. ಅದು ಖಾಲಿ ಇದ್ದರೆ ಓಂಬುಡ್ಸ್‌ಮನ್ ಮುಂದೆ ಇಡುವ ವಾದ ಬೇರೆ, "ಇಲ್ಲ" ಅಂತ ಇದ್ದರೆ ಬೇರೆ.